ದಿನಕ್ಕೆ ನೂರು ದಿರಂ

ಟೈಪಿಂಗ್ ಸೆಂಟರಿನಲ್ಲಿ ಕೆಲಸ ಎಂದರೆ ಊರಿನವರು ನನ್ನನ್ನು ಬೆರಳಚ್ಚು ಕಲಿಸುವ ಮೇಷ್ಟ್ರು ಅಂದುಕೊಂಡಿದ್ದರು. ದುಬೈಯಲ್ಲಿ ಅದು ಬೇರೆಯೇ ಕಸುಬು. ಸರ್ಕಾರಕ್ಕೆ ಹೋಗುವ ಅರ್ಜಿಗಳು ಅರಬ್ಬಿಯಲ್ಲಿರಬೇಕು. ಅಂಗಡಿ ಇಟ್ಟವನಿಗೂ ಕೂಲಿಗೆ ಬಂದವನಿಗೂ ಅರಬ್ಬಿ ಬಾರದು. ಹಾಗಾಗಿ ವೀಸಾ, ಲೇಬರ್ ಕಾರ್ಡ್, ಕ್ಯಾನ್ಸಲೇಶನ್, ಎಲ್ಲದಕ್ಕೂ ಗಲ್ಲಿಗೊಂದರಂತೆ ಇರುವ ಈ ಅಂಗಡಿಗಳೇ ಗತಿ. ನಮ್ಮದು ಡೇರಾದಲ್ಲಿ, ನೈಫ್ ರಸ್ತೆಯಿಂದ ಒಳಗೆ, ಮಲಯಾಳಿಯೊಬ್ಬರ ಚಹಾದಂಗಡಿಗೂ ಕಾರ್ಗೋದವರ ಗೋದಾಮಿಗೂ ನಡುವೆ. ಅರಬ್ಬಿ ಟೈಪ್ ಮಾಡಲು ಒಬ್ಬ ಸುಡಾನಿ, ಕಚೇರಿಗಳಿಗೆ ಓಡಾಡಲು ಒಬ್ಬ ಪಿ.ಆರ್.ಓ., ಕೌಂಟರಿನಲ್ಲಿ ನಾನು. ತುಳು, ಬ್ಯಾರಿ, ಕೊಂಕಣಿ, ಕನ್ನಡ, ಜೊತೆಗೆ ಮುರುಕು ಹಿಂದಿ ನನಗೆ ಬರುತ್ತಿದ್ದ ಕಾರಣ ಕರಾವಳಿಯವರೆಲ್ಲ ನನ್ನ ಕಿಟಕಿಗೇ ಬರುತ್ತಿದ್ದರು. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗಿತ್ತು. ಮುಂಬೈ ದಾರಿ ತಪ್ಪಿತು, ಹೋಗುವವರು ಹೆಚ್ಚಿದರು, ವಿಸಿಟ್ ವೀಸಾ ಕೇಳುವವರು ಅದಕ್ಕಿಂತ ಹೆಚ್ಚಿದರು.

ಕೌಂಟರಿನಲ್ಲಿ ಕೂತವನು ಮೊದಲು ಕಲಿಯಬೇಕಾದದ್ದು ದಿನ ಎಣಿಸುವುದನ್ನು. ವಿಸಿಟ್ ವೀಸಾದ ಕಾಗದದಲ್ಲಿ ಎರಡು ಅವಧಿಗಳಿರುತ್ತವೆ. ವೀಸಾ ಕೊಟ್ಟ ತಾರೀಕಿನಿಂದ 60 ದಿನದೊಳಗೆ ದೇಶಕ್ಕೆ ಬಂದಿಳಿಯಬೇಕು ಎನ್ನುವುದು ಒಂದು. ಇಳಿದ ಮೇಲೆ ಎಷ್ಟು ದಿನ ಇರಬಹುದು ಎನ್ನುವುದು ಇನ್ನೊಂದು. ನಮ್ಮವರು ಮೊದಲನೆಯದನ್ನಷ್ಟೇ ಓದಿಕೊಂಡು ನೆಮ್ಮದಿಯಾಗಿರುತ್ತಿದ್ದರು. “ಕಾಗದದಲ್ಲಿ ಇನ್ನೂ ಇಪ್ಪತ್ತು ದಿನ ಉಂಟಲ್ಲ ಮಾರಾಯ್ರೆ?” ಎಂದು ವಾದಿಸುವ ಹೊತ್ತಿಗೆ ಅವರ ಪಾಸ್‌ಪೋರ್ಟಿನ ಮುದ್ರೆಯ ಪ್ರಕಾರ ಮೂವತ್ತು ದಿನ ಮುಗಿದು ನಾಲ್ಕು ದಿನ ಕಳೆದಿರುತ್ತಿತ್ತು. ಇನ್ನು ಕೆಲವರಿಗೆ ಮೂವತ್ತು ದಿನ ಎಂದರೆ ಒಂದು ತಿಂಗಳು. ಹತ್ತನೇ ತಾರೀಕಿಗೆ ಇಳಿದವರು ಮುಂದಿನ ಹತ್ತಕ್ಕೆ ಹೊರಡುವ ಲೆಕ್ಕ ಹಾಕುತ್ತಿದ್ದರು. ತಿಂಗಳಿಗೆ 31 ದಿನ ಇದ್ದರೆ ಅಲ್ಲಿಗೆ ಲೆಕ್ಕ ತಪ್ಪಿತು. ಆಗ ದಂಡವಿಲ್ಲದ ಹತ್ತು ದಿನದ ಗ್ರೇಸ್ ಇದ್ದ ಕಾರಣ ಎಷ್ಟೋ ಮಂದಿ ತಮಗೆ ಗೊತ್ತಿಲ್ಲದೆಯೇ ಬಚಾವಾಗಿ ಊರಿಗೆ ಹೋದರು.

ಬಚಾವಾಗದವರಿಗೆ ದಿನಕ್ಕೆ 100 ದಿರಂ ದಂಡ. ಅಲ್ಲಿ ಕೆಲಸದ ವೀಸಾದಲ್ಲಿದ್ದು ಅವಧಿ ಮೀರಿದವರಿಗೆ ಮೊದಲ ಆರು ತಿಂಗಳು ದಿನಕ್ಕೆ 25 ದಿರಂ ಮಾತ್ರ. ನೋಡಲು ಬಂದವರಿಗೆ ದುಡಿಯಲು ಬಂದವರ ನಾಲ್ಕು ಪಟ್ಟು. ಕಾನೂನಿನ ಕಣ್ಣಿನಲ್ಲಿ ಇದು ಸರಿಯೇ ಇರಬಹುದು, ನೋಡಲು ಬಂದವನ ಕೈಯಲ್ಲಿ ದುಡ್ಡಿರಬೇಕಲ್ಲ. ಆದರೆ ನನ್ನ ಕಿಟಕಿಗೆ ಬರುತ್ತಿದ್ದ ವಿಸಿಟ್‌ನವರು ದುಬೈ ನೋಡಲು ಬಂದವರಾಗಿರಲಿಲ್ಲ.

ಅವರಲ್ಲಿ ಎರಡು ಜಾತಿ: ಕೆಲಸ ಹುಡುಕಲು ಬಂದ ಹುಡುಗರು, ಬಾಣಂತನಕ್ಕೆ ಬಂದ ತಾಯಂದಿರು.

ತಾಯಂದಿರ ವಿಷಯ ಮೊದಲು ಹೇಳುತ್ತೇನೆ, ಯಾಕೆಂದರೆ ಇದರ ಬಗ್ಗೆ ಯಾರೂ ಬರೆದದ್ದನ್ನು ನಾನು ನೋಡಿಲ್ಲ. ಅಲ್ಲಿ ಸಂಸಾರ ಇಟ್ಟುಕೊಂಡ ನಮ್ಮ ಕಡೆಯ ಹೆಣ್ಣುಮಕ್ಕಳು ಚೊಚ್ಚಲಿಗೆ ಊರಿಗೆ ಹೋಗದಿದ್ದರೆ ತಾಯಿಯನ್ನೇ ಕರೆಸಿಕೊಳ್ಳುತ್ತಾರೆ. 90 ದಿನದ ವಿಸಿಟ್. ಈ ತೊಂಬತ್ತನ್ನು ಎಲ್ಲಿಂದ ಶುರುಮಾಡಬೇಕು ಎನ್ನುವುದೇ ದೊಡ್ಡ ಚರ್ಚೆ. ಡಾಕ್ಟರು ಕೊಟ್ಟ ತಾರೀಕಿಗೆ ಒಂದು ತಿಂಗಳು ಮೊದಲೇ ಕರೆಸಿದರೆ ಹೆರಿಗೆಯ ನಂತರ ಉಳಿಯುವುದು ಎರಡೇ ತಿಂಗಳು. ಒಂದು ವಾರ ಮೊದಲು ಕರೆಸಿದರೆ, ಮಗು ಅವಸರ ಮಾಡಿದರೆ, ಆಸ್ಪತ್ರೆಗೆ ಹೋಗುವಾಗ ಜೊತೆಗೆ ಯಾರೂ ಇಲ್ಲ. ಗಂಡಂದಿರು ನನ್ನ ಕೌಂಟರಿಗೆ ಬಂದು ಸ್ಕ್ಯಾನಿಂಗ್ ರಿಪೋರ್ಟನ್ನು ಬಿಡಿಸಿ ಇಡುತ್ತಿದ್ದರು. ನಾನು ಕ್ಯಾಲೆಂಡರ್ ತೆಗೆದು, ಹೆರಿಗೆ ತಾರೀಕು, ವೀಸಾ ಸಿಗಲು ಬೇಕಾಗುವ ದಿನ, ಟಿಕೆಟ್ ಕಡಿಮೆಗೆ ಸಿಗುವ ವಾರ ಎಲ್ಲವನ್ನೂ ಕೂಡಿ ಕಳೆದು ಒಂದು ದಿನ ಹೇಳುತ್ತಿದ್ದೆ. ಊರಿನ ಜೋಯಿಸರು ಪಂಚಾಂಗ ತೆಗೆದ ಹಾಗೆ.

ಬಂದ ತಾಯಂದಿರಿಗೆ ಈ ಯಾವ ಲೆಕ್ಕವೂ ಬೇಡ. ಅವರ ಪೆಟ್ಟಿಗೆಯಲ್ಲಿ ಕಾಳುಮೆಣಸು, ಬೆಳ್ಳುಳ್ಳಿ ಲೇಹ್ಯದ ಡಬ್ಬ, ಎಣ್ಣೆ ಸ್ನಾನಕ್ಕೆ ತೆಂಗಿನೆಣ್ಣೆ, ಮಗುವಿಗೆ ಹಳೆ ಸೀರೆ ಹರಿದು ಮಾಡಿದ ಬಟ್ಟೆಗಳು. ಪುತ್ತೂರು ಕಡೆಯ ಒಬ್ಬರು ಮಗಳ ಮನೆಯ ಬಾತ್‌ಟಬ್‌ನಲ್ಲಿ ಮಗುವನ್ನು ಕಾಲ ಮೇಲೆ ಮಲಗಿಸಿ ಮೀಯಿಸಲು ಆಗುವುದಿಲ್ಲವೆಂದು ಅಳಿಯನಿಂದ ಮರದ ಮಣೆ ಮಾಡಿಸಿಕೊಂಡಿದ್ದರು. ಅವರ ವೀಸಾ ಮುಗಿಯುವ ದಿನ ಹತ್ತಿರ ಬಂದಾಗ ಮಗುವಿಗೆ ಜ್ವರ. “ಈಗ ಹೋಗಿ ಅಂದ್ರೆ ಹೇಗೆ ಹೋಗುದು? ಒಂದು ವಾರ ನಿಂತ್ರೆ ಎಂತ ಆಗ್ತದೆ?” ಎಂದು ಅಳಿಯನ ಜೊತೆ ಬಂದು ನನ್ನನ್ನೇ ಕೇಳಿದರು. ಗ್ರೇಸ್ ಕಳೆದ ಮೇಲೆ ದಿನಕ್ಕೆ ನೂರು ಅಮ್ಮ ಎಂದೆ. ಆ ಹೊತ್ತಿನ ಲೆಕ್ಕದಲ್ಲಿ ಸಾವಿರದ ಇನ್ನೂರು ರೂಪಾಯಿ. “ದಿವಸಕ್ಕೆ ಅಷ್ಟು ನಮ್ಮ ತೋಟದಲ್ಲೂ ಹುಟ್ಟುದಿಲ್ಲ” ಎಂದರು. ಅಳಿಯನಿಗೆ ಕಟ್ಟುವ ಶಕ್ತಿ ಇತ್ತು, ಕಟ್ಟುತ್ತೇನೆ ಎಂದೂ ಹೇಳಿದ. ಅವರು ಮಾತ್ರ ನಿಲ್ಲಲಿಲ್ಲ. ಹೊತ್ತಿಗೆ ಸರಿಯಾಗಿ ಹೊರಟರು. ಅಳಿಯನ ದುಡ್ಡಿನಲ್ಲಿ ದಂಡ ಕಟ್ಟಿಸಿಕೊಂಡವಳು ಎನಿಸಿಕೊಳ್ಳುವುದು ಅವರಿಗೆ ಬೇಡವಾಗಿತ್ತು.

ಮಗುವಿಗೂ ಗಡುವು ಉಂಟು ಎಂದರೆ ಊರಿನಲ್ಲಿ ನಂಬುವುದಿಲ್ಲ. ಅಲ್ಲಿ ಹುಟ್ಟಿದ ಮಗು ಅಲ್ಲಿಯ ಪ್ರಜೆಯಾಗುವುದಿಲ್ಲ. 120 ದಿನದೊಳಗೆ ಜನನ ಪ್ರಮಾಣಪತ್ರ, ಭಾರತದ ಪಾಸ್‌ಪೋರ್ಟು, ರೆಸಿಡೆನ್ಸ್ ವೀಸಾ ಎಲ್ಲ ಆಗಬೇಕು. ತಪ್ಪಿದರೆ ಆಗ ಅದಕ್ಕೂ ದಿನಕ್ಕೆ 100 ದಿರಂ ಇತ್ತು. ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಹೆಸರಿನಲ್ಲಿ ಓವರ್‌ಸ್ಟೇ ದಂಡದ ರಸೀದಿ ಬಂದದ್ದನ್ನು ನಾನೇ ಟೈಪಿಂಗಿಗೆ ಕೊಟ್ಟಿದ್ದೇನೆ. ಆ ಕೂಸಿನ ಪಾಸ್‌ಪೋರ್ಟಿನ ಫೋಟೋದಲ್ಲಿ ಕಣ್ಣು ತೆರೆದಿರಬೇಕು ಎಂದು ಸ್ಟುಡಿಯೋದವನು ಚಿಟಿಕೆ ಹೊಡೆದು ಹೊಡೆದು ಸುಸ್ತಾಗುತ್ತಿದ್ದ, ಅದು ಬೇರೆ ಕಥೆ.

ಈಗ ಹುಡುಗರ ವಿಷಯ.

ನಮ್ಮ ಜಿಲ್ಲೆಯಲ್ಲಿ ಅಂದಿಗೂ ಇಂದಿಗೂ ವಿಸಿಟ್ ವೀಸಾವನ್ನು ಮಾರುವುದು ಕೆಲಸದ ವೀಸಾ ಎಂದೇ. “ಈಗ ವಿಸಿಟ್‌ನಲ್ಲಿ ಹೋಗಿ, ಅಲ್ಲಿ ಎಂಪ್ಲಾಯ್‌ಮೆಂಟ್ ಹೊಡೆಸಿ ಕೊಡ್ತೇವೆ” ಎನ್ನುವುದು ಏಜೆಂಟರ ಮಾಮೂಲಿ ಮಾತು. ಇದಕ್ಕೆ ಒಂದು ಒಳಗಾರಣ ಇದೆ. ಹತ್ತನೇ ಕ್ಲಾಸು ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇ.ಸಿ.ಆರ್. ಎಂಬ ಮುದ್ರೆ ಇರುತ್ತದೆ. ಅಂಥವರು ಗಲ್ಫಿನ ದೇಶಗಳೂ ಸೇರಿದಂತೆ 18 ದೇಶಗಳಿಗೆ ದುಡಿಯಲು ಹೋಗುವುದಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ನಮ್ಮ ಸರ್ಕಾರದ ಅನುಮತಿ ಬೇಕು. ಕೆಲಸದ ಕರಾರು, ಸಂಬಳ, ವಿಮೆ ಎಲ್ಲವನ್ನೂ ಅಲ್ಲಿ ತೋರಿಸಬೇಕು. ಪ್ರವಾಸಿ ಎಂದು ಹೋಗುವವರಿಗೆ ಈ ತಪಾಸಣೆ ಇಲ್ಲ. ಹುಡುಗನನ್ನು ಕಾಪಾಡಲು ಮಾಡಿದ ಕಾನೂನಿನಿಂದ ಹುಡುಗನನ್ನೇ ತಪ್ಪಿಸಿ ಕಳಿಸುವ ಓಣಿ ವಿಸಿಟ್ ವೀಸಾ. ದುಬೈಯವರನ್ನು ಬೈಯುವ ಮೊದಲು ನಾವು ಇದನ್ನು ತಿಳಿದುಕೊಳ್ಳಬೇಕು.

ಬಂದವನಿಗೆ ಕೆಲಸ ಸಿಕ್ಕಿತು ಎನ್ನೋಣ. ಆಗಿನ ಕಾಲದಲ್ಲಿ ವಿಸಿಟ್‌ನಿಂದ ಕೆಲಸದ ವೀಸಾಕ್ಕೆ ಬದಲಾಯಿಸಲು ದೇಶ ಬಿಟ್ಟು ಹೊರಗೆ ಹೋಗಿ ಮತ್ತೆ ಒಳಗೆ ಬರಬೇಕಿತ್ತು. ಊರಿಗೆ ಹೋಗಿ ಬರಲು ದುಡ್ಡಿಲ್ಲದವರಿಗೆ ಕೀಶ್. ಇರಾನಿಗೆ ಸೇರಿದ ಈ ದ್ವೀಪ ದುಬೈಯಿಂದ ವಿಮಾನದಲ್ಲಿ ಒಂದು ಗಂಟೆಯೂ ಅಲ್ಲ. ಅದೊಂದು ಮುಕ್ತ ವಲಯವಾದ್ದರಿಂದ ಅಲ್ಲಿಗೆ ಹೋಗಲು ವೀಸಾ ಬೇಡ, 14 ದಿನ ಇರಬಹುದು. ಕೀಶ್‌ಗೆ ಹೋಗಿ, ದುಬೈಯಿಂದ ಹೊಸ ವೀಸಾದ ಪ್ರತಿ ಬರುವ ತನಕ ಕಾದು, ಬಂದ ಮೇಲೆ ವಾಪಸು ಬರುವುದು. ನಾನೂ ಹಾಗೆ ಹೋದವನೇ. ಟೈಪಿಂಗ್ ಸೆಂಟರಿನ ಕೆಲಸ ನನಗೆ ಸಿಕ್ಕಿದ್ದೂ ವಿಸಿಟ್‌ನಲ್ಲಿ ಬಂದ ಮೇಲೆಯೇ.

ಹೊರಡುವ ಮೊದಲು ರೂಮಿನವರೆಲ್ಲ ಹೆದರಿಸಿದ್ದರು. ಅದಕ್ಕೆ ಕಾರಣ ಇತ್ತು. 2004ರ ಫೆಬ್ರವರಿ 10ರಂದು ಕೀಶ್‌ನಿಂದ ಬಂದ ಫಾಕರ್ 50 ವಿಮಾನ ಶಾರ್ಜಾದಲ್ಲಿ ಇಳಿಯುವಾಗ ಬಿದ್ದು, ಅದರಲ್ಲಿದ್ದ 46 ಜನರ ಪೈಕಿ 43 ಜನ ಸತ್ತಿದ್ದರು. ವೀಸಾಕ್ಕಾಗಿ ಹೋಗಿ ಮರಳುತ್ತಿದ್ದ ಹೊರದೇಶದ ಕೆಲಸಗಾರರೂ ಅದರಲ್ಲಿದ್ದರು. ಒಂದು ಮುದ್ರೆಗಾಗಿ ಹೋಗಿ ಸತ್ತವರು ಎಂದು ಬ್ಯಾಚುಲರ್ ರೂಮುಗಳಲ್ಲಿ ಆ ಮಾತು ಬಹಳ ವರ್ಷ ಉಳಿದಿತ್ತು. ನನ್ನ ವಿಮಾನ ಏನೂ ಆಗದೆ ಇಳಿಯಿತು. ಇಳಿದ ಕೂಡಲೇ ಹೆಂಗಸರಿಗೆಲ್ಲ ತಲೆಗೆ ಸ್ಕಾರ್ಫು, ಮೈ ಮುಚ್ಚುವ ನಿಲುವಂಗಿ ಕೊಟ್ಟರು. ಫಿಲಿಪ್ಪೀನ್ಸಿನ ಹುಡುಗಿಯರು ಅದನ್ನು ಒಬ್ಬರಿಗೊಬ್ಬರು ಸರಿಮಾಡಿಕೊಂಡು ನಗುತ್ತಿದ್ದರು. ಅವರಲ್ಲಿ ಕೆಲವರು ಆಗಲೇ ಒಮ್ಮೆ ಬಂದುಹೋದವರು.

ಹೋಟೆಲ್ ಎಂದರೆ ಹಾಸ್ಟೆಲ್. ಒಂದೊಂದು ರೂಮಿಗೆ ಆರೇಳು ಮಂಚ, ಬಾಡಿಗೆ ದಿರಂನಲ್ಲೇ. ಊಟಕ್ಕೆ ದಿನವೂ ಅನ್ನ, ಕೋಳಿ, ದೊಡ್ಡ ರೊಟ್ಟಿ. ಸಸ್ಯಾಹಾರಿಗಳಾದ ಬೈಂದೂರಿನ ಇಬ್ಬರು ಹುಡುಗರು ಮೊಸರು, ಸೌತೆಕಾಯಿ, ರೊಟ್ಟಿಯಲ್ಲೇ ದಿನ ಕಳೆದರು. ಆ ಕಟ್ಟಡದ ಜೀವ ಇದ್ದದ್ದು ಕೆಳಗಿನ ರಿಸೆಪ್ಷನ್ನಿನ ಫ್ಯಾಕ್ಸ್ ಯಂತ್ರದಲ್ಲಿ. ದುಬೈಯಿಂದ ವೀಸಾದ ಪ್ರತಿ ಬರುವುದು ಅದರಲ್ಲೇ. ಅದು ಕರಕರ ಎಂದರೆ ಸಾಕು, ಇಸ್ಪೀಟು ಆಡುತ್ತಿದ್ದವರು, ಬಟ್ಟೆ ಒಗೆಯುತ್ತಿದ್ದವರು, ನಮಾಜಿನಿಂದ ಎದ್ದವರು ಎಲ್ಲ ಬಂದು ನಿಲ್ಲುತ್ತಿದ್ದರು. ಕೌಂಟರಿನವನು ಕಾಗದ ಹರಿದು, ಪಾರಸಿ ಉಚ್ಚಾರದಲ್ಲಿ ಹೆಸರು ಕೂಗುತ್ತಿದ್ದ. ನಮ್ಮ ಹೆಸರುಗಳು ಅವನ ಬಾಯಲ್ಲಿ ಗುರುತೇ ಸಿಗುತ್ತಿರಲಿಲ್ಲ, ಒಂದೇ ಹೆಸರಿಗೆ ಮೂವರು ಕೈ ಎತ್ತುತ್ತಿದ್ದರು. ಬಂದವನಿಗೆ ಉಳಿದವರು ಚಪ್ಪಾಳೆ ಹೊಡೆಯುತ್ತಿದ್ದರು. ಅವನು ತನ್ನ ಬಳಿ ಉಳಿದ ಸೋಪು, ಬಿಸ್ಕತ್ತು, ಫೋನ್ ಕಾರ್ಡನ್ನು ಪಕ್ಕದ ಮಂಚದವನಿಗೆ ಕೊಟ್ಟು ಹೊರಡುತ್ತಿದ್ದ. ಇದು ಅಲ್ಲಿಯ ಅಲಿಖಿತ ನಿಯಮ. ನನಗೂ ಅರ್ಧ ಬಾಟಲಿ ಶಾಂಪೂ ಹೀಗೆ ಬಂದದ್ದು.

ಹದಿನಾಲ್ಕು ದಿನ ಕಳೆದರೂ ಫ್ಯಾಕ್ಸ್ ಬಾರದವರೂ ಇದ್ದರು. ಕೆಲವರ ಕಂಪೆನಿಯವರು ಫೋನನ್ನೇ ಎತ್ತುತ್ತಿರಲಿಲ್ಲ. ಅಂಥವರು ಅಲ್ಲಿಯೂ ದುಡ್ಡು ಕೊಟ್ಟು ಅವಧಿ ವಿಸ್ತರಿಸಿಕೊಳ್ಳಬೇಕು. ಒಂದು ದೇಶದ ಗಡುವಿನಿಂದ ತಪ್ಪಿಸಿಕೊಳ್ಳಲು ಬಂದು ಇನ್ನೊಂದು ದೇಶದ ಗಡುವಿಗೆ ಸಿಕ್ಕಿಬೀಳುವುದು. ಸಂಜೆ ಹೊತ್ತು ಹೋಗದಿದ್ದರೆ ದ್ವೀಪದ ಪಡುವಣ ದಡಕ್ಕೆ ಹೋಗಿ, 1966ರಲ್ಲಿ ನೆಲಕ್ಕೆ ತಾಗಿ ನಿಂತ ಗ್ರೀಕ್ ಹಡಗನ್ನು ನೋಡಿ ಬರುತ್ತಿದ್ದೆವು. ಅದರ ಮುಂದೆ ನಿಂತು ಸೂರ್ಯಾಸ್ತದ ಫೋಟೋ ತೆಗೆಸಿಕೊಳ್ಳಲು ಇರಾನಿನ ಹೊಸ ಮದುಮಕ್ಕಳು ಬರುತ್ತಿದ್ದರು. ಫೋಟೋಕ್ಕೆ ಅಡ್ಡ ಬಂದೆವೆಂದು ನಮ್ಮನ್ನು ಪಕ್ಕಕ್ಕೆ ಸರಿಯಲು ಹೇಳುತ್ತಿದ್ದರು.

2008ರ ಬೇಸಿಗೆಯಲ್ಲಿ ನಿಯಮ ಬದಲಾಯಿತು. ವಿಸಿಟ್ ವೀಸಾ 30 ದಿನದ್ದು, 90 ದಿನದ್ದು ಎಂದು ಬೇರೆ ಬೇರೆ ಆಯಿತು, ಶುಲ್ಕ ಹೆಚ್ಚಿತು, ಡೆಪಾಸಿಟ್ ಬಂತು. ಕೀಶ್‌ನಲ್ಲೂ ಒಮಾನಿನ ಗಡಿಯ ಬುರೈಮಿಯಲ್ಲೂ ಸಾವಿರಗಟ್ಟಲೆ ಜನ ಸಿಕ್ಕಿಕೊಂಡರು. ಬದಲಾವಣೆಯ ವಾರದಲ್ಲಿ ನಮ್ಮ ಅಂಗಡಿಯಲ್ಲಿ ಯಾರಿಗೂ ಯಾವ ಉತ್ತರವನ್ನೂ ಧೈರ್ಯವಾಗಿ ಕೊಡುವಂತಿರಲಿಲ್ಲ. ಬೆಳಿಗ್ಗೆ ಹೇಳಿದ್ದು ಸಂಜೆಗೆ ಸುಳ್ಳಾಗುತ್ತಿತ್ತು. ಆ ಮೇಲೆ ಎಷ್ಟೋ ಸಲ ನಿಯಮಗಳು ಬದಲಾದವು. ಅದನ್ನೆಲ್ಲ ಬರೆಯಹೋದರೆ ಗೆಜೆಟ್ ಆಗುತ್ತದೆ.

ನನಗೆ ಈ ದಂಡದ ನಿಜವಾದ ರೂಪ ತಿಳಿದದ್ದು ಬೆಳ್ತಂಗಡಿ ಕಡೆಯ ಒಬ್ಬ ಅಡುಗೆಯವನಿಂದ. ಹೆಸರು ಬೇಡ, ಈಗ ಊರಲ್ಲಿ ಮಕ್ಕಳೊಂದಿಗೆ ಚೆನ್ನಾಗಿದ್ದಾನೆ. 2011ರಲ್ಲಿ ಎಂಬತ್ತು ಸಾವಿರ ಕೊಟ್ಟು ವಿಸಿಟ್‌ನಲ್ಲಿ ಬಂದಿದ್ದ. ಒಂದು ಕೆಫೆಟೇರಿಯಾದಲ್ಲಿ ತಿಂಗಳಿಗೆ 900 ದಿರಂ, ಊಟ, ಮಲಗಲು ಜಾಗ. ವೀಸಾ ಹೊಡೆಸುತ್ತೇವೆ, ಮುಂದಿನ ವಾರ, ಈದ್ ಕಳೆಯಲಿ ಎಂದು ಮಾಲೀಕರು ಮುಂದೂಡುತ್ತ ಹೋದರು. ಅವಧಿ ಮೀರಿ ಎರಡು ತಿಂಗಳಾದಾಗ ಅವನು ನನ್ನ ಕಿಟಕಿಗೆ ಬಂದ. ನಾನು ಲೆಕ್ಕ ಮಾಡಿ ಐದು ಸಾವಿರ ದಿರಂ ದಾಟಿದೆ ಎಂದೆ. ಅವನು ಬೆರಳು ಮಡಚಿ ತನ್ನ ಲೆಕ್ಕ ಮಾಡಿದ. ತಿಂಗಳಿಗೆ ದುಡಿಯುವುದು ಒಂಬೈನೂರು, ತಿಂಗಳಿಗೆ ಬೆಳೆಯುವ ದಂಡ ಮೂರು ಸಾವಿರ. “ಹಾಗಾದ್ರೆ ನಾನು ದುಡಿದಷ್ಟೂ ಸಾಲ ಜಾಸ್ತಿ ಆಗ್ತದಲ್ಲ ಅಣ್ಣ” ಎಂದ. ಹೌದು ಎಂದೆ. ಬೇರೆ ಏನು ಹೇಳುವುದು? ಆ ಮೇಲೆ ಅವನು ಲೆಕ್ಕ ಕೇಳಲು ಬರಲಿಲ್ಲ.

ಇದನ್ನು ನಾನು ಮತ್ತೆ ಮತ್ತೆ ಕಂಡೆ. ಐನೂರು, ಸಾವಿರ ದಿರಂ ದಂಡ ಇರುವವನು ಹೇಗಾದರೂ ಸಾಲ ಮಾಡಿ ಕಟ್ಟಿ ಹೊರಟುಹೋಗುತ್ತಾನೆ. ಐದು ಸಾವಿರ ದಾಟಿದವನು ಹೋಗುವುದಿಲ್ಲ. ದಂಡ ಕಟ್ಟದೆ ವಿಮಾನ ಹತ್ತುವಂತಿಲ್ಲ, ಕಟ್ಟಲು ದುಡ್ಡಿಲ್ಲ, ದುಡ್ಡಿಗಾಗಿ ಇನ್ನೊಂದು ತಿಂಗಳು ನಿಂತರೆ ದಂಡ ಇನ್ನೂ ಮೂರು ಸಾವಿರ. ಹೊರಗೆ ಕಳಿಸಲೆಂದು ಹಾಕಿದ ದಂಡವೇ ಅವನನ್ನು ಒಳಗೆ ಹಿಡಿದಿಡುತ್ತದೆ. ಹತ್ತು ಸಾವಿರಕ್ಕೂ ಒಂದು ಲಕ್ಷಕ್ಕೂ ಅವನ ಪಾಲಿಗೆ ವ್ಯತ್ಯಾಸವೇ ಇರುವುದಿಲ್ಲ, ಎರಡನ್ನೂ ಅವನು ಕಟ್ಟಲಾರ. ಹೆದರಿಕೆ ಅಲ್ಲಿಗೆ ಕೆಲಸ ಮಾಡುವುದನ್ನು ನಿಲ್ಲಿಸುತ್ತದೆ.

ಅಂಥವರನ್ನು ಅಲ್ಲಿ ಖಲ್ಲಿವಲ್ಲಿ ಎನ್ನುತ್ತಾರೆ. ಖಲ್ಲಿವಲ್ಲಿ ಆಗಿ ಬದುಕುವುದೆಂದರೆ ಪೊಲೀಸರಿಗೆ ಹೆದರಿ ಓಡುವುದೇ ಎಂದು ಸಿನಿಮಾ ನೋಡಿದವರು ತಿಳಿದಿದ್ದಾರೆ. ನಮ್ಮ ಅಡುಗೆಯವನ ಕಷ್ಟ ಬೇರೆ ರೀತಿಯದು. 2012ರಲ್ಲಿ ಮೊಬೈಲ್ ಸಿಮ್‌ಗಳನ್ನೆಲ್ಲ ಗುರುತಿನ ಚೀಟಿ ತೋರಿಸಿ ಮರುನೋಂದಣಿ ಮಾಡಿಸಬೇಕು ಎಂಬ ಆದೇಶ ಬಂತು. ಇವನ ಸಿಮ್ ಸತ್ತಿತು. ಹೆಂಡತಿ ಫೋನ್ ಮಾಡುತ್ತಿದ್ದದ್ದು ಕೆಫೆಟೇರಿಯಾದ ಚಹಾ ಹುಡುಗನ ನಂಬರಿಗೆ. ದುಡ್ಡು ಕಳಿಸಲು ಎಕ್ಸ್‌ಚೇಂಜಿನಲ್ಲಿ ಐಡಿ ಬೇಕು. ಅದೂ ಇನ್ನೊಬ್ಬನ ಹೆಸರಿನಲ್ಲಿ. ಒಮ್ಮೆ ಹಾಗೆ ಕೊಟ್ಟ ದುಡ್ಡು ಊರಿಗೆ ಮುಟ್ಟಲೇ ಇಲ್ಲ, ಯಾರ ಹತ್ತಿರ ಹೇಳುವುದು? ದವಡೆ ಹಲ್ಲು ನೋವು ಬಂದಾಗ ಕ್ಲಿನಿಕ್ಕಿಗೆ ಹೋಗಲಾರದೆ ಲವಂಗ ಕಚ್ಚಿಕೊಂಡು ಒಲೆ ಮುಂದೆ ನಿಂತಿರುತ್ತಿದ್ದ. ಬಿರಿಯಾನಿಗೆ ತಂದ ಲವಂಗ ಖರ್ಚಾಗುತ್ತದೆ ಎಂದು ಅದಕ್ಕೂ ಬೈಗುಳ.

ಸರ್ಕಾರಕ್ಕೂ ಈ ಗಂಟು ಗೊತ್ತಿಲ್ಲದೆ ಇಲ್ಲ. ಕೆಲವು ವರ್ಷಗಳಿಗೊಮ್ಮೆ ಆಮ್ನೆಸ್ಟಿ, ಅಂದರೆ ಕ್ಷಮಾದಾನ, ಬರುತ್ತದೆ. 1996, 2003, 2007, 2012ರ ಕೊನೆ, 2018, 2024. ದಂಡ ಮಾಫಿ, ಹೊರಡುವವರು ಹೊರಡಿ, ಕಾಗದ ಸರಿಮಾಡಿಕೊಳ್ಳುವವರು ಸರಿಮಾಡಿಕೊಳ್ಳಿ. ಇಷ್ಟು ಸಲ ಮಾಫಿ ಮಾಡಬೇಕಾಗಿ ಬರುವ ದಂಡ ವಸೂಲಿಯಾಗುವಂಥದ್ದಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. 2012ರದ್ದನ್ನು ನಮ್ಮ ಅಡುಗೆಯವನು ನಂಬಲಿಲ್ಲ. ಹೋದವರನ್ನು ಹಿಡಿದು ಜೈಲಿಗೆ ಹಾಕುತ್ತಾರೆ ಎಂದು ಯಾರೋ ಹೇಳಿದ್ದರು. ಇಂಥ ಸುಳ್ಳು ಹಬ್ಬಿಸುವುದರಲ್ಲಿ ಕಡಿಮೆ ಸಂಬಳಕ್ಕೆ ದುಡಿಸಿಕೊಳ್ಳುವವರಿಗೆ ಲಾಭ ಉಂಟು ಎಂದು ಮಾತ್ರ ಹೇಳುತ್ತೇನೆ.

2018ರಲ್ಲಿ ಆಗಸ್ಟ್ 1ರಿಂದ ಮೂರು ತಿಂಗಳು ಎಂದು ಶುರುವಾದದ್ದು ಡಿಸೆಂಬರ್ 31ರ ತನಕ ಹೋಯಿತು. ದುಬೈಯವರಿಗೆ ಅಲ್ ಅವೀರ್‌ನಲ್ಲಿ ಎ.ಸಿ. ಹಾಕಿದ ದೊಡ್ಡ ಗುಡಾರಗಳು. ಈ ಸಲ ನಾನೇ ಅವನನ್ನು ಕರೆದುಕೊಂಡು ಹೋದೆ. ಮೊದಲು ಭಾರತದ ಕಾನ್ಸುಲೇಟಿಗೆ. ಅವನ ಪಾಸ್‌ಪೋರ್ಟು ಅವಧಿ ಮುಗಿದು ಹೋಗಿತ್ತು, ಊರಿಗೆ ಹೋಗಲು ಒಂದೇ ಸಲ ನಡೆಯುವ ಎಮರ್ಜೆನ್ಸಿ ಸರ್ಟಿಫಿಕೇಟ್ ಮಾಡಿಸಿದೆವು. ಗುಡಾರದಲ್ಲಿ ಅವನಂಥವರು ನೂರಾರು. ಕೆಲವರು ಮಕ್ಕಳನ್ನೂ ಕರೆತಂದಿದ್ದರು. ಅಲ್ಲೇ ಹುಟ್ಟಿ, ಶಾಲೆಯ ಮುಖ ನೋಡದ ಮಕ್ಕಳು. ಕೌಂಟರಿನಲ್ಲಿ ಕೂತಿದ್ದ ಎಮಿರಾತಿ ಹುಡುಗಿ ಅವನ ಹಳೆಯ ಪಾಸ್‌ಪೋರ್ಟು ತಿರುವಿ, ಕಂಪ್ಯೂಟರ್ ನೋಡಿ, ಹಿಂದಿಯಲ್ಲೇ ಕೇಳಿದಳು: “ಏಳು ವರ್ಷ ಮನೆಗೆ ಹೋಗಿಲ್ಲವಾ?” ಅವನು ತಲೆ ತಗ್ಗಿಸಿದ. ಏಳು ವರ್ಷ, ದಿನಕ್ಕೆ ನೂರು. ನಾನು ಮನಸ್ಸಿನಲ್ಲೇ ಕೂಡಿಸಿದೆ: ಎರಡೂವರೆ ಲಕ್ಷ ದಿರಂ, ಆಗಿನ ಲೆಕ್ಕದಲ್ಲಿ ನಲವತ್ತೇಳು ನಲವತ್ತೆಂಟು ಲಕ್ಷ ರೂಪಾಯಿ. ಅವನು ಕಟ್ಟಿದ್ದು ಎಕ್ಸಿಟ್ ಪಾಸಿನ ಇನ್ನೂರಿಪ್ಪತ್ತು ದಿರಂ ಚಿಲ್ಲರೆ. ಮತ್ತೆ ಬರಬಾರದು ಎಂಬ ನಿಷೇಧವೂ ಇಲ್ಲ. ಸರಿಯಾದ ವೀಸಾದಲ್ಲಿ ಬಂದು ಅವಧಿ ಮೀರಿದವರಿಗೆ ಆ ಸಲ ಅದನ್ನು ಬಿಟ್ಟಿದ್ದರು. ಹೊರಗೆ ಬಂದು ಅವನು ಮಾಡಿದ ಮೊದಲ ಕೆಲಸ ಹಲ್ಲಿನ ಡಾಕ್ಟರು ಎಲ್ಲಿದ್ದಾರೆ ಎಂದು ಕೇಳಿದ್ದು. ಮಂಗಳೂರಿನಲ್ಲಿ ಇದಕ್ಕಿಂತ ಕಡಿಮೆಗೆ ಆಗುತ್ತದೆ, ನಾಲ್ಕು ದಿನ ತಡೆದುಕೋ ಎಂದೆ.

ದಿನ ಎಣಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಎಲ್ಲ ದೇಶಗಳೂ ಎಣಿಸುತ್ತವೆ, ನಮ್ಮದೂ ಎಣಿಸುತ್ತದೆ. ಆದರೆ ಎಣಿಸುವುದರಲ್ಲೂ ರೀತಿ ಉಂಟು. ಥಾಯ್ಲೆಂಡನ್ನು ನೋಡಿ. ಅಲ್ಲಿ ಓವರ್‌ಸ್ಟೇಗೆ ದಿನಕ್ಕೆ 500 ಬಾತ್, ಎಷ್ಟೇ ದಿನವಾದರೂ 20,000 ಬಾತಿಗೆ ನಿಲ್ಲುತ್ತದೆ. ನಲವತ್ತು ದಿನದ ಮೇಲೆ ದಂಡ ಬೆಳೆಯುವುದಿಲ್ಲ. ಅದರ ಬದಲು 2016ರಿಂದ ಮರಳಿ ಬರುವುದಕ್ಕೆ ನಿಷೇಧ: ತಾನಾಗಿ ಬಂದು ಒಪ್ಪಿಸಿಕೊಂಡರೆ, 90 ದಿನ ಮೀರಿದವನಿಗೆ ಒಂದು ವರ್ಷ, ಒಂದು ವರ್ಷ ಮೀರಿದವನಿಗೆ ಮೂರು ವರ್ಷ, ಹೀಗೆ ಹತ್ತರ ತನಕ, ಸಿಕ್ಕಿಬಿದ್ದರೆ ಇನ್ನೂ ಕಠಿಣ. ಇದೂ ಮೃದುವಾದ ಕಾನೂನೇನಲ್ಲ. ಆದರೆ ಸಿಕ್ಕಿಕೊಂಡವನಿಗೆ ತನ್ನ ಸಾಲದ ಕೊನೆ ಕಾಣುತ್ತದೆ, ಒಪ್ಪಿಸಿಕೊಂಡು ಹೋಗುವವನಿಗೆ ಒಂದಿಷ್ಟು ಲಾಭವೂ ಇದೆ. ಹೊರಗೆ ಕಳಿಸುವುದೇ ಉದ್ದೇಶವಾದರೆ ಬಾಗಿಲು ಹೀಗಿರಬೇಕು.

2020ರಲ್ಲಿ ಕೊರೋನಾದಿಂದಾಗಿ ಒಂದು ವಿಚಿತ್ರ ನಡೆಯಿತು, ಎಣಿಕೆಯೇ ನಿಂತಿತು. ವಿಮಾನಗಳಿಲ್ಲ, ಮಾರ್ಚ್ 1ರ ನಂತರ ಮುಗಿದ ವೀಸಾಗಳೆಲ್ಲ ತಮ್ಮಷ್ಟಕ್ಕೇ ಮುಂದುವರಿಯುತ್ತವೆ ಎಂದು ಘೋಷಣೆ. ಬಾಣಂತನಕ್ಕೆ ಬಂದು ಸಿಕ್ಕಿಕೊಂಡ ತಾಯಂದಿರು ಆ ವರ್ಷ ಮೊಮ್ಮಕ್ಕಳ ಹಲ್ಲು ಹುಟ್ಟುವುದನ್ನೂ ನೋಡಿದರು. ಇತ್ತ ಊರಿನಲ್ಲಿ ಒಬ್ಬರೇ ಉಳಿದ ಗಂಡಂದಿರು ಅನ್ನ ಬೇಯಿಸಲು ಕಲಿತರು. ಸಿಕ್ಕಿಕೊಂಡವರನ್ನು ಊರಿಗೆ ಕರೆತರುವ ವಂದೇ ಭಾರತ್ ಯೋಜನೆಯಲ್ಲಿ ದುಬೈಯಿಂದ ಮಂಗಳೂರಿಗೆ ಮೊದಲ ವಿಮಾನ ಮೇ 12ರಂದು ಹೊರಟಿತು. ಗರ್ಭಿಣಿಯರಿಗೆ, ಹಿರಿಯರಿಗೆ, ವಿಸಿಟ್‌ನಲ್ಲಿ ಸಿಕ್ಕಿಕೊಂಡವರಿಗೆ ಆದ್ಯತೆ. ವರ್ಷದ ಕೊನೆ ತನಕ ಎಂದಿದ್ದ ರಿಯಾಯಿತಿಯನ್ನು ಜುಲೈಯಲ್ಲಿ ಹಿಂದಕ್ಕೆ ತೆಗೆದುಕೊಂಡರು, ಎಣಿಕೆ ಮತ್ತೆ ಶುರುವಾಯಿತು. ನಾನೂ ಆ ವರ್ಷದ ಕೊನೆಗೆ ಕ್ಯಾನ್ಸಲ್ ಮಾಡಿಸಿಕೊಂಡು ಬಂದೆ. ನನ್ನ ಕ್ಯಾನ್ಸಲೇಶನ್ ಅರ್ಜಿಯನ್ನು ಟೈಪ್ ಮಾಡಿದ್ದು ಅದೇ ಸುಡಾನಿ. ಅವನಿಗೆ ಕೊಡಲು ಹೋದ ಟೈಪಿಂಗ್ ಚಾರ್ಜು ತೆಗೆದುಕೊಳ್ಳಲಿಲ್ಲ.

ಈಗ ಅಲ್ಲಿ ದಂಡ ದಿನಕ್ಕೆ 50 ದಿರಂ. 2022ರಲ್ಲಿ ವಿಸಿಟ್‌ನವರಿಗೂ ರೆಸಿಡೆನ್ಸ್‌ನವರಿಗೂ ಒಂದೇ ದರ ಮಾಡಿದರು. ಅರ್ಧಕ್ಕೆ ಇಳಿಯಿತೆಂದು ಸಂತೋಷಪಡುವಷ್ಟರಲ್ಲಿ 2023ರಲ್ಲಿ ಹತ್ತು ದಿನದ ಗ್ರೇಸ್ ಹೋಯಿತು; ಮುಗಿದ ಮರುದಿನದಿಂದಲೇ ಲೆಕ್ಕ. ವೀಸಾ ತೆಗೆದುಕೊಟ್ಟ ಟ್ರಾವೆಲ್ ಏಜೆನ್ಸಿಯೇ ಪ್ರಾಯೋಜಕರಾಗಿದ್ದರೆ, ಬಂದವನು ಹೊರಡಲಿಲ್ಲವೆಂದು ಅಬ್ಸ್ಕಾಂಡಿಂಗ್ ಕೇಸು ಹಾಕುವುದೂ ಉಂಟು, ಅದನ್ನು ತೆಗೆಸಲು ಬೇರೆ ದುಡ್ಡು. 2024ರಿಂದ ಕೈಯಲ್ಲಿ 3,000 ದಿರಂಗೆ ಸಮನಾದ ಹಣ, ವಾಪಸು ಟಿಕೆಟು, ಉಳಿಯುವ ಜಾಗದ ದಾಖಲೆ ಇದೆಯೇ ಎಂದು ಬಿಗಿಯಾಗಿ ಕೇಳುತ್ತಿದ್ದಾರೆ. ಇಲ್ಲದವರನ್ನು ಇಲ್ಲಿಯ ವಿಮಾನ ನಿಲ್ದಾಣದಲ್ಲೇ ತಡೆದದ್ದಿದೆ. ತಡೆದದ್ದಕ್ಕೆ ನನಗೆ ಬೇಸರವಿಲ್ಲ. ವಿಮಾನ ಹತ್ತದೆ ಉಳಿದ ಹುಡುಗನಿಗೆ ನಷ್ಟವಾಗುವುದು ಒಂದು ಟಿಕೆಟಿನ ದುಡ್ಡು.

ನಿಮ್ಮ ಮನೆಯ ಹುಡುಗ ಕೆಲಸಕ್ಕೆಂದು ಗಲ್ಫಿಗೆ ಹೊರಟಿದ್ದರೆ, ಏಜೆಂಟರು ಕೊಟ್ಟ ವೀಸಾ ಕಾಗದವನ್ನು ಅರಬ್ಬಿ ಅಥವಾ ಇಂಗ್ಲಿಷ್ ಬಲ್ಲವರ ಹತ್ತಿರ ಒಮ್ಮೆ ಓದಿಸಿ. ಅದರಲ್ಲಿ ಟೂರಿಸ್ಟ್ ಅಥವಾ ವಿಸಿಟ್ ಎಂದಿದ್ದರೆ ಅದು ಕೆಲಸದ ವೀಸಾ ಅಲ್ಲ, ಯಾರು ಎಷ್ಟೇ ಆಣೆ ಹಾಕಿ ಹೇಳಿದರೂ ಅಲ್ಲ. ಏಜೆಂಟರು ನೋಂದಾಯಿತರೇ ಎನ್ನುವುದನ್ನು ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ನೋಂದಾಯಿತರು ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿ.ಎಸ್.ಟಿ. ಅದಕ್ಕಿಂತ ಹೆಚ್ಚು ಕೇಳುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.